ಚಾಂದಮಾರಿಯ ಕಂದಕವೂ ನಾಲ್ಕು ವರ್ಷದ ಸಿಪಾಯಿಯೂ

ಸೈನ್ಯಕ್ಕೆ ಹೊಸದಾಗಿ ಸೇರಿದ ತರುಣರು ಶಿಕ್ಷಣವನ್ನು ಮುಗಿಸಿ ಧ್ವಜದ ಮುಂದೆ ಪ್ರತಿಜ್ಞೆ ಮಾಡುವ ದಿನದ ಚಿತ್ರಗಳನ್ನು ವಾಚಕರು ಮೇಲಿಂದ ಮೇಲೆ ನೋಡಿರುವರು. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಾಗಲಿ ಬೆಂಗಳೂರಿನ ದಂಡಿನಲ್ಲಾಗಲಿ ಆ ದಿನದ ಕವಾಯತನ್ನು ನೋಡಲು ಬಂದ ತಾಯಿತಂದೆಗಳ ಕಣ್ಣಲ್ಲಿ ನೀರು ನಿಲ್ಲುವುದು ಸಹಜವೇ ಆಗಿದೆ. ಆದರೆ ಅದೇ ತರುಣರು ಆ ಮೈದಾನಕ್ಕೆ ಬರುವ ಮುಂಚೆ ಎಷ್ಟೋ ದಿನಗಳನ್ನು ಕಳೆದ ಇನ್ನೊಂದು ಸ್ಥಳವುಂಟು; ಅಲ್ಲಿಗೆ ಚಿತ್ರ ತೆಗೆಯುವವರು ಹೋಗುವುದಿಲ್ಲ, ತಾಯಿತಂದೆಗಳನ್ನು ಕರೆಯುವ ರೂಢಿಯೂ ಇಲ್ಲ. ಅದು ಚಾಂದಮಾರಿಯ ಕಂದಕ. ಅಗ್ನಿಪಥ ಯೋಜನೆಯ ಮೇರೆಗೆ ಸೇರಿದ ಮೊದಲ ತಂಡದವರ ನಾಲ್ಕು ವರ್ಷಗಳ ಅವಧಿಯು 2026ರ ಕೊನೆಯಿಂದ ತುಂಬತೊಡಗುವುದರಿಂದ ಆ ಕಂದಕದ ವಿಷಯವನ್ನು ಸಾರ್ವಜನಿಕರ ಮುಂದೆ ಇಡುವುದು ಅವಶ್ಯವೆಂದು ನಾವು ತಿಳಿದಿರುತ್ತೇವೆ. ಈ ಎರಡಕ್ಕೂ ಸಂಬಂಧವೇನೆಂದು ಕೇಳುವವರು ಸ್ವಲ್ಪ ತಾಳಬೇಕು.

ಗುರಿಹಲಗೆಯ ನಡುವಿನ ದುಂಡನೆಯ ಗುರುತಿಗೆ ಸಿಪಾಯಿಗಳು ಚಾಂದವೆಂದು ಕರೆದುದರಿಂದ ಗುಂಡು ಹಾರಿಸುವ ಅಭ್ಯಾಸಕ್ಕೂ ಅದು ನಡೆಯುವ ಮೈದಾನಕ್ಕೂ ಚಾಂದಮಾರಿ ಎಂಬ ಹೆಸರು ಬಂದಿತು. ಗುವಾಹಾಟಿಯಂಥ ಊರುಗಳಲ್ಲಿ ಆ ಹೆಸರಿನ ಬಡಾವಣೆಗಳೇ ಇವೆ. ಮೈದಾನದ ಒಂದು ಕೊನೆಯಲ್ಲಿ ಬಂದೂಕು ಹಿಡಿದವರು ಮಲಗಿರುತ್ತಾರೆ. ಮುನ್ನೂರು ಮೀಟರಿನಷ್ಟು ದೂರದ ಇನ್ನೊಂದು ಕೊನೆಯಲ್ಲಿ ಎತ್ತರದ ಮಣ್ಣಿನ ದಿಬ್ಬ. ಆ ದಿಬ್ಬಕ್ಕೂ ಅದರ ಮುಂದಿನ ಗೋಡೆಗೂ ನಡುವೆ ಆಳಿಗಿಂತ ಆಳವಾದ ಉದ್ದನೆಯ ಕಂದಕ. ಗೋಡೆಯ ಹೊರಮೈಗೆ ಮಣ್ಣನ್ನು ಒತ್ತಿ ಪೇರಿಸಿರುತ್ತಾರೆ. ಕಂದಕದ ಒಳಗೆ ಕಬ್ಬಿಣದ ಚೌಕಟ್ಟುಗಳು. ಒಂದನ್ನು ಕೆಳಗೆ ಎಳೆದರೆ ಅದರ ಜೊತೆಯದು ಮೇಲೇಳುವಂತೆ ತೂಕವನ್ನು ಹೊಂದಿಸಿದ್ದು. ರಂಗರೂಟರಲ್ಲಿ, ಎಂದರೆ ಹೊಸ ಸಿಪಾಯಿಗಳಲ್ಲಿ, ಅರ್ಧ ಜನ ಮೇಲೆ ಗುಂಡು ಹಾರಿಸುತ್ತಿರುವಾಗ ಉಳಿದವರು ಈ ಕಂದಕದಲ್ಲಿ ನಿಂತು ಗುರಿಹಲಗೆಗಳನ್ನು ಏರಿಸಿ ಇಳಿಸುತ್ತಾರೆ. ಗುಂಡು ತಗುಲಿದೊಡನೆ ಹಲಗೆಯನ್ನು ಕೆಳಗಿಳಿಸಿ ತೂತನ್ನು ಹುಡುಕಬೇಕು, ಹಿಂದಿನ ತೂತಿಗೆ ಕಾಗದದ ತುಂಡನ್ನು ಅಂಟಿಸಿ ಮುಚ್ಚಬೇಕು, ಹೊಸ ತೂತಿಗೆ ದೂರದಿಂದ ಕಾಣುವಂಥ ಬಿಲ್ಲೆಯನ್ನು ಸಿಕ್ಕಿಸಿ ಹಲಗೆಯನ್ನು ಮತ್ತೆ ಏರಿಸಬೇಕು, ಉದ್ದ ಕೋಲಿನ ತುದಿಯ ಗುರುತಿನಿಂದ ಅಂಕವನ್ನು ತೋರಿಸಬೇಕು. ಗುಂಡು ಹಲಗೆಗೆ ತಗುಲಲೇ ಇಲ್ಲವೆಂದರೆ ಕೆಂಪು ಬಟ್ಟೆಯನ್ನು ಅದರ ಮುಂದೆ ಅತ್ತಿತ್ತ ಬೀಸುವುದು ಅನೇಕ ಸೈನ್ಯಗಳ ಹಳೆಯ ವಾಡಿಕೆ. ಮಧ್ಯಾಹ್ನಕ್ಕೆ ಸರದಿ ಬದಲಾಗುತ್ತದೆ. ಮೇಲಿದ್ದವರು ಕೆಳಗಿಳಿಯುತ್ತಾರೆ, ಕೆಳಗಿದ್ದವರು ಬಂದೂಕು ಹಿಡಿಯುತ್ತಾರೆ.

ಇದು ಕೂಲಿಯ ಕೆಲಸದಂತೆ ತೋರುವುದು. ಬಿಸಿಲು, ಧೂಳು, ಕೈಗೆ ಮೆತ್ತಿದ ಅಂಟು, ಬೆನ್ನ ಹಿಂದಿನ ದಿಬ್ಬಕ್ಕೆ ಹೊಕ್ಕ ಗುಂಡು ಎಬ್ಬಿಸಿದ ಮರಳು ಕುತ್ತಿಗೆಯ ಮೇಲೆ ಬೀಳುವುದು. ಆದರೆ ಸಿಪಾಯಿಯ ಶಿಕ್ಷಣದಲ್ಲಿ ಬೇರೆಲ್ಲಿಯೂ ದೊರೆಯದ ಎರಡು ಪಾಠಗಳು ಇಲ್ಲಿ ದೊರೆಯುತ್ತವೆ. ಒಂದು ಕಿವಿಯ ಪಾಠ. ಬಂದೂಕಿನ ಗುಂಡು ಶಬ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವೇಗದಿಂದ ಬರುವುದರಿಂದ ಅದು ತಲೆಯ ಮೇಲೆ ಹಾಯುವಾಗ ಚಾಟಿಯನ್ನು ಬೀಸಿದಂಥ ಛಟೀರೆಂಬ ಸಪ್ಪಳ ಮೊದಲು ಕೇಳುತ್ತದೆ. ಬಂದೂಕಿನ ಬಾಯಿಂದ ಹೊರಟ ಮಂದವಾದ ಢಬ್ಬೆಂಬ ಸದ್ದು ಆಮೇಲೆ ಬರುತ್ತದೆ. ಮುನ್ನೂರು ಮೀಟರಿಗೆ ಈ ಎರಡರ ನಡುವೆ ಸುಮಾರು ಅರ್ಧ ಸೆಕೆಂಡಿನ ಅಂತರ. ಈ ಅಂತರದಿಂದ ಗುಂಡು ಎಷ್ಟು ದೂರದಿಂದ ಬಂದಿತೆಂಬುದನ್ನು ಅಂದಾಜು ಮಾಡುವುದನ್ನು ಸಿಪಾಯಿಯು ರಣರಂಗಕ್ಕೆ ಹೋಗುವ ಮುಂಚೆಯೇ ಕಲಿಯುತ್ತಾನೆ. ಗುಂಡಿನ ಕೆಳಗೆ ನಿಂತು ಕೈ ನಡುಗದೆ ಕೆಲಸ ಮಾಡುವುದೂ ಅಲ್ಲಿಯೇ ರೂಢಿಯಾಗುತ್ತದೆ.

ಎರಡನೆಯದು ಸತ್ಯದ ಪಾಠ. ಮೇಲೆ ಮಲಗಿದವನಿಗೆ ತನ್ನ ಗುಂಡು ಎಲ್ಲಿ ಬಿದ್ದಿತೆಂಬುದು ಕಾಣುವುದಿಲ್ಲ. ಕಂದಕದವನು ಹೇಳಿದ್ದೇ ಅವನಿಗೆ ಪ್ರಮಾಣ. ಕೆಳಗಿನವನು ಮೂರಂಕದ ತೂತನ್ನು ಐದಂಕವೆಂದು ತೋರಿಸಿದರೆ ಮೇಲಿನವನು ತನ್ನ ತಪ್ಪನ್ನು ತಿದ್ದಿಕೊಳ್ಳಲಾರನು; ಐದನ್ನು ಮೂರೆಂದರೆ ಇಲ್ಲದ ತಪ್ಪನ್ನು ತಿದ್ದಲು ಹೋಗಿ ಕೆಡುವನು. ಇತ್ತ ಕಂದಕದವನ ಪ್ರಾಣವೂ ಮೇಲಿನವನ ಶಿಸ್ತಿನಲ್ಲಿದೆ. ಕೆಂಪು ನಿಶಾನೆ ಏರಿರುವಾಗ ಒಬ್ಬ ಅವಸರಗಾರನು ಬೆರಳನ್ನು ಒತ್ತಿದರೆ ಹಲಗೆಯನ್ನು ಸರಿಪಡಿಸಲು ಮೇಲೆ ಹತ್ತಿದವನು ಉಳಿಯಲಾರನು. ಹೀಗೆ ಒಬ್ಬನ ಮಾತೂ ಇನ್ನೊಬ್ಬನ ಸಂಯಮವೂ ಪರಸ್ಪರ ಒತ್ತೆಯಾಗಿ ನಿಂತಿರುವ ಸ್ಥಳವು ಪಾಳೆಯದಲ್ಲಿ ಮತ್ತೊಂದಿರಲಾರದು.

ಈ ಸತ್ಯವು ಯಾವಾಗಲೂ ಅಚ್ಚಳಿಯದೆ ಉಳಿಯಿತೆಂದು ನಾವು ಹೇಳುವುದಿಲ್ಲ. ಅಂಕದ ಬೆನ್ನಿಗೆ ಕಾಸು ಕಟ್ಟಿದಲ್ಲೆಲ್ಲ ಕಂದಕದ ಮೇಲೆ ಒತ್ತಡ ಬಿದ್ದಿದೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ಬ್ರಿಟಿಷ್ ಪದಾತಿಯು ಒಂದು ನಿಮಿಷಕ್ಕೆ ಹದಿನೈದು ಗುಂಡುಗಳನ್ನು ಮುನ್ನೂರು ಗಜದ ಗುರಿಗೆ ಹಾರಿಸುವ ಅಭ್ಯಾಸಕ್ಕೆ ಹೆಸರಾಗಿತ್ತು; ಅಲ್ಲಿ ಸಿಪಾಯಿಯ ಪ್ರಾವೀಣ್ಯದ ಭತ್ಯಕ್ಕೆ ಚಾಂದಮಾರಿಯ ದರ್ಜೆಯೂ ಒಂದು ಷರತ್ತಾಗಿತ್ತು. ಅಮೆರಿಕದ ಸೈನ್ಯದಲ್ಲಿ ಎಂ-1 ಎಂಬ ಬಂದೂಕು ಬಳಕೆಯಲ್ಲಿದ್ದ ಕಾಲದಿಂದ ಎಂ-1 ಪೆನ್ಸಿಲು ಎಂಬ ಹಾಸ್ಯದ ಮಾತು ಬಂದಿದೆ. ಸಾಧಾರಣ ಸೀಸದಕಡ್ಡಿಯ ದಪ್ಪವು ಆ ಬಂದೂಕಿನ ಗುಂಡಿನ ದಪ್ಪಕ್ಕೆ ಬಹುಮಟ್ಟಿಗೆ ಸಮ. ಗೆಳೆಯನಿಗೆ ಒಂದು ಅಂಕ ಕಡಿಮೆ ಬಿದ್ದಾಗ ಹಲಗೆಗೆ ಕಡ್ಡಿಯನ್ನು ಚುಚ್ಚಿದರೆ ಸಾಕು, ಗುಂಡಿನ ತೂತೋ ಕಡ್ಡಿಯ ತೂತೋ ದೂರದ ದುರ್ಬೀನಿಗೆ ತಿಳಿಯದು. ನಗುವ ಮಾತೇ ಸರಿ. ಆದರೆ ಆ ನಗೆಯಲ್ಲಿ ಸ್ನೇಹವಿದೆ, ದ್ವೇಷವಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಗೆಳೆಯನಿಗೆ ಕೊಟ್ಟ ಅಂಕದಿಂದ ಚುಚ್ಚಿದವನಿಗೆ ಏನೂ ನಷ್ಟವಿರಲಿಲ್ಲ.

ನಮ್ಮ ದೇಶದಲ್ಲಿ ಚಾಂದಮಾರಿಯ ಚರಿತ್ರೆಯು ಇದಕ್ಕಿಂತ ಕಹಿಯಾದುದು. 1857ರ ಆರಂಭದಲ್ಲಿ ಕಂಪನಿ ಸರಕಾರದವರು ಹೊಸ ಎನ್‌ಫೀಲ್ಡ್ ಬಂದೂಕನ್ನು ಕಲಿಸಲಿಕ್ಕಾಗಿ ಡಮ್‌ಡಮ್, ಅಂಬಾಲಾ, ಸಿಯಾಲಕೋಟಗಳಲ್ಲಿ ಮೂರು ಶಾಲೆಗಳನ್ನು ತೆರೆದು ಬೇರೆ ಬೇರೆ ಪಲ್ಟಣಗಳಿಂದ ಸಿಪಾಯಿಗಳನ್ನು ಆರಿಸಿ ಕಳುಹಿಸಿದರು. ಕೊಬ್ಬು ಬಳಿದ ತೋಟೆಗಳ ಸುದ್ದಿಯು ಮೊದಲು ಎದ್ದದ್ದು ಡಮ್‌ಡಮ್ಮಿನಲ್ಲಿ, ಆ ವರ್ಷದ ಜನವರಿಯಲ್ಲಿ. ತೋಟೆಯ ಕಥೆಯನ್ನು ಎಲ್ಲರೂ ಬಲ್ಲರು. ಅಂಬಾಲಾದಲ್ಲಿ ನಡೆದುದನ್ನು ಬಲ್ಲವರು ಕಡಿಮೆ. ಅಲ್ಲಿಯ ಶಾಲೆಯಲ್ಲಿದ್ದ 36ನೆಯ ಪಲ್ಟಣದ ಇಬ್ಬರು, ಆ ಕಡೆಗೆ ಬಂದಿದ್ದ ತಮ್ಮದೇ ಪಲ್ಟಣದವರನ್ನು ಕಾಣಲು ಹೋದಾಗ, ಇವರು ಹೊಸ ತೋಟೆಯನ್ನು ಮುಟ್ಟಿ ಜಾತಿ ಕೆಟ್ಟವರೆಂದು ಜೊತೆಗಾರರೇ ಹೊರಗಿಟ್ಟರು. ಕಲಿಸುತ್ತಿದ್ದ ಕ್ಯಾಪ್ಟನ್ ಮಾರ್ಟಿನೋ ಎಂಬವನು ಇದರ ಪರಿಣಾಮವನ್ನು ಕಂಡು ಮೇಲಿನವರಿಗೆ ಎಚ್ಚರಿಕೆಯನ್ನು ಬರೆದನು. ಮೇಲಿನವರು ಅಭ್ಯಾಸವು ನಡೆಯಲೇಬೇಕೆಂದರು. ಗುಂಡುಗಳು ಹಾರಿದವು. ಪಾಳೆಯದಲ್ಲಿ ರಾತ್ರಿಯ ಹೊತ್ತು ಮನೆಗಳಿಗೆ ಬೆಂಕಿ ಬೀಳತೊಡಗಿತು. ಕೆಲವು ವಾರಗಳಲ್ಲಿ ಮೀರತ್ತಿನ ದಂಗೆಯೆದ್ದಿತು. ಚಾಂದಮಾರಿಯಲ್ಲಿ ಜೊತೆಗಾರನ ನಂಬಿಕೆಯು ಮುರಿದ ಮೇಲೆ ಸಿಪಾಯಿಗೆ ಯಾವ ಅಭ್ಯಾಸವನ್ನು ಕಲಿಸಿಯೂ ಪ್ರಯೋಜನವಿಲ್ಲವೆಂಬುದನ್ನು ಪರಕೀಯ ಸರಕಾರವು ಬಹಳ ಬೆಲೆ ತೆತ್ತು ತಿಳಿಯಿತು.

ತಿಳಿದು ಮಾಡಿದ್ದೇನು? ನಂಬಿಕೆಯನ್ನು ಬೆಳೆಸಲಿಲ್ಲ, ಬಂದೂಕನ್ನು ಕಸಿದುಕೊಂಡಿತು. ತೋಪುಖಾನೆಯನ್ನು, ಬೆಟ್ಟದ ಕೆಲವು ತುಕಡಿಗಳ ಹೊರತು, ಗೋರರ ವಶದಲ್ಲಿಟ್ಟಿತು. ಹಿಂದೀ ಸಿಪಾಯಿಗೆ ಗೋರನಿಗಿಂತ ಒಂದು ತಲೆಮಾರು ಹಿಂದಿನ ಬಂದೂಕನ್ನೇ ಕೊಡುವುದು ಮುಂದೆ ಹಲವು ದಶಕಗಳ ಧೋರಣೆಯಾಯಿತು. ಗೋರನು ಮಾರ್ಟಿನಿಯನ್ನು ಹಿಡಿದಾಗ ಇವನಿಗೆ ಸ್ನೈಡರು, ಗೋರನು ಲೀ-ಮೆಟ್‌ಫರ್ಡನ್ನು ಹಿಡಿದಾಗ ಇವನಿಗೆ ಮಾರ್ಟಿನಿ. ಸೈನ್ಯದ ಹೊರಗಿನವರ ಗತಿಯಂತೂ ಕೇಳಬೇಕಾಗಿಲ್ಲ. ಆಯುಧಗಳನ್ನು ಒಪ್ಪಿಸಿರೆಂಬ ಆಜ್ಞೆಯನ್ನು ಧಿಕ್ಕರಿಸಿದ ಮುಧೋಳ ಸೀಮೆಯ ಹಲಗಲಿಯ ಬೇಡರನ್ನು ಅದೇ 1857ರ ನವೆಂಬರಿನಲ್ಲಿ ಊರಿಗೆ ನುಗ್ಗಿ ಸದೆಬಡಿದು, ಸೆರೆಸಿಕ್ಕವರಲ್ಲಿ ಅನೇಕರನ್ನು ಗಲ್ಲಿಗೇರಿಸಿದರು. ಬಾಗಲಕೋಟೆಯ ಕಡೆಯ ಲಾವಣಿಗಾರರು ಅವರನ್ನು ಮರೆತಿಲ್ಲ. 1878ರ ಶಸ್ತ್ರ ಕಾಯಿದೆಯು ಗೋರನಿಗೆ ವಿನಾಯಿತಿಯನ್ನೂ ನೆಲದ ಮಗನಿಗೆ ಪರವಾನಗಿಯ ಕಟ್ಟನ್ನೂ ವಿಧಿಸಿತು. ಕೊಡವರಿಗೆ ಮಾತ್ರ 1861ರಲ್ಲಿಯೇ ಬೇರೆ ವಿನಾಯಿತಿ ದೊರೆತಿತ್ತು. ಅದನ್ನು ಈಗಿನ ಕೇಂದ್ರ ಸರಕಾರವೂ 2029ರ ವರೆಗೆ ಮುಂದುವರಿಸಿದೆ. ಮಿಕ್ಕವರ ಪರವಾಗಿ ಮದ್ರಾಸಿನಲ್ಲಿ ಸೇರಿದ 1887ರ ಕಾಂಗ್ರೆಸ್ ಮಹಾಸಭೆಯು ಶಸ್ತ್ರ ಕಾಯಿದೆಯನ್ನು ಸಡಿಲಿಸಬೇಕೆಂದೂ ಹಿಂದೀ ಜನರನ್ನು ಸ್ವಯಂಸೇವಕ ದಳಗಳಿಗೆ ಸೇರಿಸಿಕೊಳ್ಳಬೇಕೆಂದೂ ಕೇಳಿದ್ದನ್ನು ಇಂದಿನವರು ನೆನೆಯಬೇಕು. ಬಂದೂಕಿನ ಮೋಹದಿಂದ ಆ ಹಿರಿಯರು ಕೇಳಲಿಲ್ಲ. ನಂಬಿಕೆಗೆ ಪಾತ್ರರಾದ ಪ್ರಜೆಗಳಂತೆ ನಡೆಯಿಸಿಕೊಳ್ಳಿರೆಂದು ಕೇಳಿದರು. ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಸೇನಾಧಿಪತ್ಯವನ್ನು ವಹಿಸಿಕೊಂಡಾಗ ಆ ಬೇಡಿಕೆಗೆ ಪೂರ್ಣ ಉತ್ತರ ಬಂದಿತು. ಅಂದಿನಿಂದ ಚಾಂದಮಾರಿಯ ಮೇಲಿನವರೂ ನಮ್ಮವರೇ, ಕಂದಕದವರೂ ನಮ್ಮವರೇ. ಲೆಕ್ಕ ಕೇಳುವ ಅಧಿಕಾರವೂ ಲೆಕ್ಕ ಕೊಡುವ ಹೊಣೆಯೂ ನಮ್ಮದೇ.

ಇನ್ನು ಪ್ರಸ್ತುತಕ್ಕೆ ಬರೋಣ. 2022ರ ಜೂನ್ 14ರಂದು ಪ್ರಕಟವಾದ ಯೋಜನೆಯ ಪ್ರಕಾರ ಹದಿನೇಳೂವರೆಯಿಂದ ಇಪ್ಪತ್ತೊಂದರ ವಯಸ್ಸಿನ ತರುಣನು ನಾಲ್ಕು ವರ್ಷಗಳ ಮಟ್ಟಿಗೆ ಸೇನೆಗೆ ಸೇರುತ್ತಾನೆ. ಅವಧಿಯು ಮುಗಿದಾಗ ನೂರರಲ್ಲಿ ಇಪ್ಪತ್ತೈದಕ್ಕೆ ಮೀರದಂತೆ ಆಯ್ದವರನ್ನು ಖಾಯಂ ಸೇವೆಗೆ ತೆಗೆದುಕೊಂಡು ಉಳಿದವರನ್ನು ಸುಮಾರು 11 ಲಕ್ಷ 71 ಸಾವಿರ ರೂಪಾಯಿಗಳ ಸೇವಾನಿಧಿಯೊಂದಿಗೆ ಮನೆಗೆ ಕಳುಹಿಸುವುದೆಂದು ನಿಯಮವಾಯಿತು, ಅವರಿಗೆ ಪಿಂಚಣಿಯಿಲ್ಲ. ಸೈನ್ಯದ ಸರಾಸರಿ ವಯಸ್ಸನ್ನು ನಾಲ್ಕೈದು ವರ್ಷಗಳಷ್ಟು ಇಳಿಸುವುದು ಇದರ ಒಂದು ಉದ್ದೇಶವೆಂದು ಸರಕಾರದವರು ಹೇಳಿದರು. ಹಿಮಾಲಯದ ನೆತ್ತಿಯಲ್ಲಿ ನಿಲ್ಲಬೇಕಾದ ಸೈನ್ಯವು ಯೌವನದಿಂದ ಕೂಡಿರಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಯೋಜನೆಯ ಗುಣದೋಷಗಳೆಲ್ಲವನ್ನೂ ಇಲ್ಲಿ ತೂಗುವ ಇಚ್ಛೆಯೂ ನಮಗಿಲ್ಲ. ಒಂದೇ ಪ್ರಶ್ನೆಯನ್ನು ಕೇಳುತ್ತೇವೆ. ನಾಲ್ವರಲ್ಲಿ ಒಬ್ಬನು ಮಾತ್ರ ಉಳಿಯುವನೆಂದು ಮೊದಲ ದಿನವೇ ತಿಳಿಸಿದ ತಂಡವನ್ನು ಚಾಂದಮಾರಿಗೆ ಒಯ್ದಾಗ ಕಂದಕದಲ್ಲಿ ಏನಾಗುವುದು?

ಖಾಯಂ ಸೇವೆಗೆ ಆಯ್ಕೆಯು ನಾಲ್ಕು ವರ್ಷಗಳ ಕೆಲಸದ ಗುಣವನ್ನೊಳಗೊಂಡ ವಸ್ತುನಿಷ್ಠ ಅಳತೆಗಳ ಮೇಲೆ ನಡೆಯುವುದೆಂದು ಸರಕಾರದ ಪ್ರಕಟಣೆಯಲ್ಲಿ ಹೇಳಿದೆ. ಸಿಪಾಯಿಯನ್ನು ಅಳೆಯುವಾಗ ಅವನ ಗುರಿಯನ್ನು ಬಿಟ್ಟು ಅಳೆಯುವುದಂತೂ ಸಾಧ್ಯವಿಲ್ಲ. ಅಂದಮೇಲೆ ಕಂದಕದಲ್ಲಿ ನಿಂತ ಹತ್ತೊಂಬತ್ತರ ಹುಡುಗನ ಕೈಯ ಗುರುತಿನ ಕೋಲು ಮೇಲೆ ಮಲಗಿದವನ ಹದಿನೈದಿಪ್ಪತ್ತು ವರ್ಷಗಳ ಸಂಬಳವನ್ನೂ ಪಿಂಚಣಿಯನ್ನೂ ಅವನ ತಂಗಿಯ ಮದುವೆಯನ್ನೂ ತೋರಿಸುವ ಕೋಲಾಯಿತು. ಅಷ್ಟೇ ಅಲ್ಲ, ಮೇಲಿನವನು ಉಳಿದರೆ ತಾನು ಉಳಿಯುವ ಸಂಭವವು ಅಷ್ಟು ಕಡಿಮೆಯೆಂಬುದೂ ಅವನಿಗೆ ಗೊತ್ತು. ಹಿಂದೆ ಕಂದಕದ ಸುಳ್ಳು ಗೆಳೆತನದಿಂದ ಹುಟ್ಟುತ್ತಿತ್ತು, ಅದಕ್ಕೆ ಹವಾಲ್ದಾರನ ಒಂದು ಬೈಗುಳು ಸಾಕಾಗುತ್ತಿತ್ತು. ಇನ್ನು ಹುಟ್ಟಬಹುದಾದ ಸುಳ್ಳಿಗೆ ಎರಡು ಮುಖ. ಒಂದೂರಿನವರು, ಒಂದು ಜಾತಿಯವರು, ಒಂದು ಭಾಷೆಯವರು ಕೂಡಿಕೊಂಡು ತಮ್ಮವರಿಗೆ ಅಂಕ ಏರಿಸುವುದು ಒಂದು. ಪೈಪೋಟಿಗಾರನ ಒಳ್ಳೆಯ ತೂತನ್ನು ಕಾಣದವರಂತೆ ಅಂಟಿಸಿ ಮುಚ್ಚುವುದು ಇನ್ನೊಂದು. ಹೀಗೆ ಆಗಿದೆಯೆಂದು ನಾವು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ; ನಮ್ಮ ತರುಣರ ನಡತೆಯಲ್ಲಿ ನಮಗೆ ವಿಶ್ವಾಸವಿದೆ. ಆದರೆ ಮನುಷ್ಯನ ಹೊಟ್ಟೆಪಾಡನ್ನು ತಕ್ಕಡಿಯಲ್ಲಿಟ್ಟು ಆ ತಕ್ಕಡಿಯ ಮುಳ್ಳನ್ನು ಅವನ ಪ್ರತಿಸ್ಪರ್ಧಿಯ ಕೈಗೆ ಕೊಡುವ ವ್ಯವಸ್ಥೆಯನ್ನು ಯಾವ ತಾಲೂಕು ಕಚೇರಿಯಲ್ಲಿಯೂ ಯಾವ ಪರೀಕ್ಷಾ ಮಂಡಳಿಯಲ್ಲಿಯೂ ನಾವು ಒಪ್ಪುವುದಿಲ್ಲ. ಅಲ್ಲಿ ಒಪ್ಪದ್ದನ್ನು ದೇಶಕ್ಕಾಗಿ ಪ್ರಾಣ ಕೊಡಲು ಬಂದವರಿಗೆ ಹೇಗೆ ಒಪ್ಪಬಹುದು?

ಯಂತ್ರವು ಇದಕ್ಕೆ ಪರಿಹಾರವೆಂದು ಕೆಲವರು ಹೇಳುವರು. ಗುಂಡು ಗಾಳಿಯನ್ನು ಸೀಳುವ ಸಪ್ಪಳವನ್ನು ಗ್ರಹಿಸಿ ಅದು ಹಾಯ್ದ ಸ್ಥಳವನ್ನು ಗುಂಡು ಹಾರಿಸಿದವನ ಬದಿಯ ಪರದೆಯ ಮೇಲೆ ಮೂಡಿಸುವ ವಿದ್ಯುನ್ಮಾನ ಗುರಿಹಲಗೆಗಳು ಅನೇಕ ದೇಶಗಳಲ್ಲಿ ಬಂದಿವೆ. ನಮ್ಮಲ್ಲಿಯೂ ಅವು ಅಪರಿಚಿತವಲ್ಲ. ಅಂತಹ ಮೈದಾನಕ್ಕೆ ಕಂದಕದ ಆಳುಗಳು ಬೇಡ. ಸಮಯವು ಉಳಿಯುವುದು, ಸೀಸದ ಧೂಳು ಹುಡುಗರ ಮೂಗಿಗೆ ಹೋಗುವುದು ತಪ್ಪುವುದು, ಪಕ್ಷಪಾತದ ಮಾತೂ ಅಡಗುವುದು. ಆಯ್ಕೆಗೆ ಲೆಕ್ಕ ಹಿಡಿಯುವ ಅಂಕಗಳನ್ನಾದರೂ ಯಂತ್ರದಿಂದಲೇ ಪಡೆಯುವುದು ನ್ಯಾಯವೆಂದು ನಮ್ಮ ಮತ. ಆದರೆ ಕಂದಕವನ್ನೇ ಮುಚ್ಚಿಬಿಡುವುದಕ್ಕೆ ನಾವು ಒಪ್ಪೆವು. ಅಮೆರಿಕದ ನೌಕಾಪದಾತಿ ದಳದವರು ಹಣದ ಕೊರತೆಯುಳ್ಳವರಲ್ಲ, ಯಂತ್ರದ ಅರಿವಿಲ್ಲದವರೂ ಅಲ್ಲ. ಆದರೂ ಅವರ ಪ್ಯಾರಿಸ್ ದ್ವೀಪದ ಶಿಕ್ಷಣಕೇಂದ್ರದಲ್ಲಿ ಹೊಸಬರು 200, 300, 500 ಗಜಗಳ ಗುರಿಗೆ ಗುಂಡು ಹಾರಿಸುವುದನ್ನೂ ತಮ್ಮ ಸರದಿಯಲ್ಲಿ ಕಂದಕಕ್ಕಿಳಿದು ಹಲಗೆ ಎಳೆಯುವುದನ್ನೂ ತಲೆಮಾರುಗಳಿಂದ ಕೂಡಿಯೇ ಕಲಿತಿದ್ದಾರೆ. ಬೇರೊಬ್ಬನಿಗಾಗಿ ಬಿಸಿಲಲ್ಲಿ ನಿಂತು ಅವನ ತಪ್ಪುಒಪ್ಪನ್ನು ನೆಟ್ಟಗೆ ಹೇಳುವ ಅಭ್ಯಾಸವನ್ನು ಯಾವ ಪರದೆಯೂ ಕಲಿಸಲಾರದು.

ಪ್ಯಾರಿಸ್ ದ್ವೀಪದ ಹೆಸರು ಬಂದುದರಿಂದ ಅಲ್ಲಿಯ ಇನ್ನೊಂದು ಸಂಗತಿಯನ್ನು ಹೇಳಬೇಕಾಗಿದೆ. 1956ರ ಏಪ್ರಿಲ್ 8ರ ರಾತ್ರಿ, ಚಾಂದಮಾರಿಯ ಅಭ್ಯಾಸಕ್ಕಾಗಿ ಆ ಭಾಗದ ಬರಾಕುಗಳಲ್ಲಿ ಇಳಿದುಕೊಂಡಿದ್ದ ಒಂದು ತಂಡವನ್ನು ಅದರ ಶಿಕ್ಷಕನು ಶಿಸ್ತಿನ ನೆಪದಿಂದ ಗುರಿದಿಬ್ಬಗಳ ಹಿಂದಿನ ಕೆಸರು ಹಳ್ಳಕ್ಕೆ ಇಳಿಸಿದನು. ಆರು ಮಂದಿ ಹೊಸ ಸಿಪಾಯಿಗಳು ಮುಳುಗಿ ಸತ್ತರು. ಶಿಕ್ಷಕನ ಮೇಲೆ ಸೈನಿಕ ನ್ಯಾಯಾಲಯದಲ್ಲಿ ನಡೆದ ವಿಚಾರಣೆಯನ್ನು ಪತ್ರಿಕೆಗಳವರು ಕುಳಿತು ಬರೆದುಕೊಂಡರು. ದಳದ ಮುಖ್ಯಾಧಿಕಾರಿಯೇ ಸಾಕ್ಷಿ ನುಡಿದನು. ಹೊಸಬರನ್ನು ನಡೆಸಿಕೊಳ್ಳುವ ಕ್ರಮವು ಮೇಲಿಂದ ಕೆಳಗಿನವರೆಗೆ ತಿದ್ದುಪಡಿಯಾಯಿತು. ಶಿಕ್ಷೆಯು ಕೊನೆಗೆ ಬಹಳ ಹಗುರವಾಯಿತೆಂದು ಹೇಳಬಹುದು. ಆದರೆ ಮಗನು ಹೇಗೆ ಸತ್ತನೆಂಬುದು ತಾಯಿತಂದೆಗಳಿಗೂ ದೇಶಕ್ಕೂ ತಿಳಿಯಿತು.

ನಮ್ಮಲ್ಲಿ? ನಾಶಿಕದ ಹತ್ತಿರದ ದೇವಳಾಲಿಯ ತೋಪುಖಾನೆ ಶಾಲೆಯಲ್ಲಿ 2024ರ ಅಕ್ಟೋಬರಿನಲ್ಲಿ ಅಭ್ಯಾಸ ನಡೆಯುತ್ತಿದ್ದಾಗ ತೋಪಿನ ಗುಂಡು ಸಿಡಿದು ಇಬ್ಬರು ಅಗ್ನಿವೀರರು ಮಡಿದರು. ಒಬ್ಬನಿಗೆ ಇಪ್ಪತ್ತು, ಮತ್ತೊಬ್ಬನಿಗೆ ಇಪ್ಪತ್ತೊಂದು ವರ್ಷ. ವಿಚಾರಣೆಗೆ ಅಪ್ಪಣೆಯಾಯಿತೆಂಬ ಸುದ್ದಿ ಬಂದಿತು. ಆಮೇಲೆ ವಾದವೆಲ್ಲವೂ ರಾಜಕೀಯ ಪಕ್ಷಗಳ ನಡುವೆ ಪರಿಹಾರದ ಮೊತ್ತದ ಮೇಲೆಯೇ ನಡೆಯಿತು. ಕರ್ತವ್ಯದಲ್ಲಿ ಮಡಿದ ಅಗ್ನಿವೀರನ ಮನೆಯವರಿಗೆ 48 ಲಕ್ಷದ ವಿಮೆ, 44 ಲಕ್ಷದ ಸಹಾಯಧನ, ಉಳಿದ ಅವಧಿಯ ಸಂಬಳ, ಸೇವಾನಿಧಿ ಇವೆಲ್ಲವೂ ಸಲ್ಲುತ್ತವೆ, ಮೊತ್ತವು ಚಿಕ್ಕದಲ್ಲ. ಖಾಯಂ ಸಿಪಾಯಿಯ ವಿಧವೆಗೂ ತಾಯಿಗೂ ತಿಂಗಳು ತಿಂಗಳು ಬರುವ ಪಿಂಚಣಿಯು ಮಾತ್ರ ಇಲ್ಲ. ಒಂದೇ ಕಂದಕದಲ್ಲಿ ಪಕ್ಕಪಕ್ಕಕ್ಕೆ ನಿಂತ ಇಬ್ಬರ ಮೇಲೆ ಹಾಯುವ ಗುಂಡು ಒಂದೇ ಆಗಿರುವಾಗ ಅವರ ಹಿಂದೆ ಉಳಿದವರ ಹಕ್ಕು ಎರಡಾಗಿರುವುದಕ್ಕೆ ನಮಗೆ ಯಾವ ಸಮರ್ಥನೆಯೂ ತೋರುವುದಿಲ್ಲ. ಸೇವೆಯ ಅವಧಿಯನ್ನು ನೋಡಿ ನಿವೃತ್ತಿವೇತನವನ್ನು ನಿಗದಿಮಾಡುವುದು ಸರಿ. ಸಾವಿಗೆ ಅವಧಿಯ ಲೆಕ್ಕವೇತಕ್ಕೆ?

ಆದುದರಿಂದ ರಕ್ಷಣಾ ಖಾತೆಯವರಿಗೆ ನಮ್ಮ ಸೂಚನೆಗಳು ಇಷ್ಟು. ಖಾಯಂ ಸೇವೆಯ ಆಯ್ಕೆಗೆ ಸಲ್ಲುವ ಗುಂಡಿನ ಪರೀಕ್ಷೆಯಲ್ಲಿ ಒಂದು ತಂಡದ ಹಲಗೆಗಳನ್ನು ಅದೇ ತಂಡದವರು ಎಳೆಯಕೂಡದು. ಯಂತ್ರವಿದ್ದಲ್ಲಿ ಯಂತ್ರ, ಇಲ್ಲದಲ್ಲಿ ಬೇರೆ ಪಲ್ಟಣದ ಅನುಭವಸ್ಥರನ್ನು ಕಂದಕಕ್ಕೆ ಇಳಿಸಬೇಕು. ಅವರೊಂದಿಗೆ ಅಧಿಕಾರಿಯೊಬ್ಬನು ಕೆಳಗೇ ನಿಂತು ಅಂಕಪತ್ರಕ್ಕೆ ರುಜು ಮಾಡಬೇಕು, ಮೇಲಿನ ಅಂಕಪತ್ರವನ್ನು ಅದಕ್ಕೆ ತಾಳೆ ನೋಡಬೇಕು. ಪ್ರತಿಯೊಬ್ಬನಿಗೂ ತನ್ನ ನಾಲ್ಕು ವರ್ಷಗಳ ಅಂಕಗಳ ಪ್ರತಿಯನ್ನು ಕೇಳುವ ಹಕ್ಕೂ, ತಕರಾರಿದ್ದರೆ ಮೇಲ್ಮನವಿಯ ಹಕ್ಕೂ ಇರಬೇಕು. ಆಯ್ಕೆಯಾಗದೆ ಊರಿಗೆ ಮರಳುವವನ ಕೈಯಲ್ಲಿ ಸೇವಾನಿಧಿಯ ಪತ್ರದ ಜೊತೆಗೆ ಆ ಪ್ರತಿಯೂ ಇರಲಿ. ನೌಕರಿ ಕೊಡುವವರು ಅವನು ಏಕೆ ಉಳಿಯಲಿಲ್ಲವೆಂದು ಕೇಳಿದರೆ ತೋರಿಸಲಿಕ್ಕೆ ಏನಾದರೂ ಬೇಡವೆ? ಶಿಕ್ಷಣದ ಅವಧಿಯಲ್ಲಿ ಸಂಭವಿಸಿದ ಪ್ರತಿಯೊಂದು ಸಾವಿನ ವಿಚಾರಣೆಯ ಸಾರಾಂಶವನ್ನು ಸೈನ್ಯದ ಗುಟ್ಟಿಗೆ ಧಕ್ಕೆ ಬಾರದಂತೆ ಸಂಸತ್ತಿನ ಮುಂದೆ ಇಡಬೇಕು. ಇವುಗಳಿಗೆ ಕೋಟ್ಯಂತರ ರೂಪಾಯಿಗಳ ವೆಚ್ಚವಿಲ್ಲ. ಕೊನೆಯದಾದ ಪಿಂಚಣಿಗೆ ವೆಚ್ಚವಿದೆ, ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಭಾಗದ ಶಾಸಕರೂ ಸಂಸತ್ ಸದಸ್ಯರೂ ಸೈನ್ಯ ಭರ್ತಿಯ ಮೇಳಗಳನ್ನು ತಮ್ಮ ಊರಿಗೆ ತರಿಸಲು ತೋರಿಸುವ ಉತ್ಸಾಹವನ್ನು ನಾವು ಮೆಚ್ಚುತ್ತೇವೆ. ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆಯ ಹಳ್ಳಿಗಳಿಂದ ನಸುಕಿನಲ್ಲಿ ಎದ್ದು ರಸ್ತೆಯ ಮೇಲೆ ಓಡಿ ಮೈ ಬಲಿಸಿಕೊಂಡ ಹುಡುಗರು ಆ ಮೇಳಗಳಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಆ ಹುಡುಗರು ಕಂದಕಕ್ಕಿಳಿದ ಮೇಲೆ ಅವರ ಅಂಕವನ್ನು ಯಾರು ಬರೆಯುತ್ತಾರೆ, ಅದನ್ನು ಯಾರು ತಾಳೆ ನೋಡುತ್ತಾರೆ ಎಂಬ ಪ್ರಶ್ನೆಯನ್ನು ಸದನದಲ್ಲಿ ಲಿಖಿತವಾಗಿ ಕೇಳಿ, ಉತ್ತರವನ್ನು ಪಡೆದು, ಮೊದಲ ತಂಡದ ಆಯ್ಕೆಯ ಪಟ್ಟಿಯು ಹೊರಬೀಳುವ ಮುಂಚೆ ಪ್ರಕಟಿಸುವಂತೆ ಅವರನ್ನು ಒತ್ತಾಯಪಡಿಸುತ್ತೇವೆ.